ಮೆಡಿಕೇರ್ ಪಾರ್ಟ್ ಡಿ: ಫಾರ್ಮಸಿ ಕೈ ಬದಲಾದ ಮೇಲೆ ಹಿರಿಯರ ಕ್ಲೇಮ್‌ಗಳು ‘40’ ಅಂತ ವಾಪಸ್, ಲೈಸೆನ್ಸ್ ಎಲ್ಲಾ ಸರಿ ಇದೆ

ಮಾತ್ರೆಡಬ್ಬಿ:
ನಮಸ್ಕಾರ ಎಲ್ರಿಗೂ. ಪೆನ್ಸಿಲ್ವೇನಿಯಾದ ಸಣ್ಣ ಊರೊಂದರಲ್ಲಿ ನಾನು ಮತ್ತು ನನ್ನ ಪಾರ್ಟ್‌ನರ್ ಸೇರಿ ಒಂದು ಹಳೇ ಫಾರ್ಮಸಿ ಕೊಂಡಿದ್ದೇವೆ. ವಿಳಾಸ ಅದೇ, ಗಿರಾಕಿಗಳೂ ಅವರೇ, ಕಂಪನಿ ಮಾತ್ರ ಹೊಸದು. ಬರುವವರಲ್ಲಿ ಹೆಚ್ಚಿನವರು 65 ದಾಟಿದವರು. ರಾಜ್ಯದ ಫಾರ್ಮಸಿ ಲೈಸೆನ್ಸ್ ಬಂದಿದೆ, ಡಿಇಎ (ನಿಯಂತ್ರಿತ ಔಷಧ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನೋಂದಣಿ ಬಂದಿದೆ, ಎನ್‌ಪಿಐ (ಡಾಕ್ಟರ್, ಫಾರ್ಮಸಿಗಳಿಗೆ ಸರ್ಕಾರ ಕೊಡುವ ಗುರುತಿನ ನಂಬರ್) ಕೂಡ ಇದೆ. ಆದರೂ ಪಾರ್ಟ್ ಡಿ (ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್‌ನ ಔಷಧ ಭಾಗ) ಕಾರ್ಡ್ ಹಾಕಿದರೆ ಕೆಲವು ಕ್ಲೇಮ್ ಸಲೀಸಾಗಿ ಹೋಗುತ್ತವೆ, ಕೆಲವು ರಿಜೆಕ್ಟ್ 40 ಅಂತ ವಾಪಸ್ ಬರುತ್ತವೆ. ಕೌಂಟರ್ ಮುಂದೆ ನಿಂತ ಅಜ್ಜ "ಹೋದ ತಿಂಗಳು ಇಲ್ಲೇ ತಗೊಂಡಿದ್ದೆನಲ್ಲ" ಅಂತ ಕೇಳಿದರೆ ಏನು ಹೇಳೋದು?

ಮೆಡಿಕೇರ್‌ನವರಿಂದ ಇನ್ನೊಂದು ಸರ್ಟಿಫಿಕೇಟ್ ಬೇಕು ಅಂತ ಒಬ್ಬರು ಹೇಳಿದರು, 855 ಫಾರ್ಮ್ (ಮೆಡಿಕೇರ್‌ಗೆ ಸೇರುವ ಅರ್ಜಿ) ತುಂಬು ಅಂದರು. ಹೌದಾ? ಇನ್ನೊಂದು ತೊಂದರೆ ಏನೆಂದರೆ, ಒಂದು ಕ್ಲಿನಿಕ್‌ನಿಂದ ಬರುವ ಚೀಟಿಗಳೆಲ್ಲ ರಿಜೆಕ್ಟ್ 25 ಅಂತ ನಿಲ್ಲುತ್ತಿವೆ. ಆ ಡಾಕ್ಟರ್ ಮೆಡಿಕೇರ್‌ಗೆ ಸೇರಿಲ್ಲ ಅನ್ನಿಸುತ್ತೆ.

ಕೌಂಟರ್‌ಹಿಂದೆ:
ಮೂರು ವಿಷಯ ಹೇಳಿ. ಎನ್‌ಸಿಪಿಡಿಪಿ ನಂಬರ್ (ಕ್ಲೇಮ್‌ಗಳಲ್ಲಿ ಫಾರ್ಮಸಿಯನ್ನು ಗುರುತಿಸುವ ನಂಬರ್) ಹಳೇದೋ ಹೊಸದೋ? ಪಿಎಸ್‌ಎಒ (ಸಣ್ಣ ಫಾರ್ಮಸಿಗಳ ಪರವಾಗಿ ಕಾಂಟ್ರಾಕ್ಟ್ ಮಾಡುವ ಸಂಸ್ಥೆ) ಮೂಲಕ ಕಾಂಟ್ರಾಕ್ಟ್ ಮಾಡಿದ್ದೀರೋ ಅಥವಾ ನೇರವಾಗಿಯೋ? 40 ಬರುವ ಕಾರ್ಡ್‌ಗಳ ಬಿನ್ ನಂಬರ್ (ಕ್ಲೇಮ್ ಯಾರಿಗೆ ಹೋಗಬೇಕು ಅಂತ ತೋರಿಸುವ ನಂಬರ್) ಒಂದೇನಾ?

ಮಾತ್ರೆಡಬ್ಬಿ:
ನಂಬರ್ ಹೊಸದು. ನಾವು ಅಂಗಡಿಯ ಆಸ್ತಿ ಮಾತ್ರ ಕೊಂಡಿದ್ದು, ಹಳೇ ಕಂಪನಿಯನ್ನಲ್ಲ. ಪಿಎಸ್‌ಎಒಗೆ ಸಹಿ ಹಾಕಿದ್ದೇವೆ. ಬಿನ್ ನೋಡಿದೆ, ನೀವು ಕೇಳಿದ್ದು ಒಳ್ಳೇದಾಯ್ತು. ವಾಪಸ್ ಬರುವುದೆಲ್ಲ ಒಂದೇ ಬಿನ್‌ನವು.

ಕೌಂಟರ್‌ಹಿಂದೆ:
ಹಾಗಾದರೆ ನಿಮ್ಮ ಕಂಪ್ಯೂಟರನ್ನಾಗಲಿ ಲೈಸೆನ್ಸನ್ನಾಗಲಿ ಬೈಯಬೇಡಿ. ರಿಜೆಕ್ಟ್ 40 ಅಂದರೆ ಮಾತ್ರೆ ಕೊಟ್ಟ ದಿನಕ್ಕೆ ನಿಮ್ಮ ಫಾರ್ಮಸಿ ಆ ಪ್ಲಾನ್ ಜೊತೆ ಕಾಂಟ್ರಾಕ್ಟ್‌ನಲ್ಲಿಲ್ಲ ಅಂತ, ಅಷ್ಟೇ. ನಂಬರನ್ನೇ ಗುರುತಿಸಲಿಲ್ಲ ಅಂದರೆ 50 ಬರುತ್ತಿತ್ತು.

ಪಾರ್ಟ್ ಡಿ ಶುರುವಾಗಿದ್ದು 2006ರ ಜನವರಿಯಲ್ಲಿ. ಅದರಲ್ಲಿ ಸರ್ಕಾರ ಪ್ರತಿ ಔಷಧದಂಗಡಿಗೂ ಕೂತು ಸರ್ಟಿಫಿಕೇಟ್ ಬರೆದುಕೊಡುವ ಪದ್ಧತಿ ಇಲ್ಲ. ಮೆಡಿಕೇರ್ ನಡೆಸುವ ಕೇಂದ್ರ ಸಂಸ್ಥೆ ಸಿಎಂಎಸ್ ಕಾಂಟ್ರಾಕ್ಟ್ ಮಾಡಿಕೊಳ್ಳುವುದು ಇನ್ಶೂರೆನ್ಸ್ ಪ್ಲಾನ್‌ಗಳ ಜೊತೆ. ಪ್ಲಾನ್‌ನವರು ಪಿಬಿಎಂ (ಅವರ ಪರವಾಗಿ ಔಷಧ ಕ್ಲೇಮ್ ನೋಡಿಕೊಳ್ಳುವ ಕಂಪನಿ) ಇಟ್ಟುಕೊಳ್ಳುತ್ತಾರೆ, ಪಿಬಿಎಂ ನಿಮ್ಮ ಜೊತೆ ಅಥವಾ ನಿಮ್ಮ ಪರವಾಗಿ ಪಿಎಸ್‌ಎಒ ಜೊತೆ ಸಹಿ ಹಾಕುತ್ತದೆ. ಆಮೇಲೆ ಪ್ರತಿ ಪಿಬಿಎಂ ತಾನೇ ಬೇರೆಯಾಗಿ ನಿಮ್ಮ ಕಾಗದಪತ್ರ ಪರಿಶೀಲಿಸುತ್ತೆ: ಲೈಸೆನ್ಸ್, ಡಿಇಎ, ವಿಮೆ, ಮಾಲೀಕರು ಯಾರು, ಮುಖ್ಯ ಫಾರ್ಮಸಿಸ್ಟ್ ಯಾರು, ಅವರ ಮೇಲೆ ಹಳೇ ಶಿಸ್ತು ಕ್ರಮ ಏನಾದರೂ ಇದೆಯಾ ಅಂತೆಲ್ಲ. ಒಬ್ಬರದ್ದು ಬೇಗ ಮುಗಿಯುತ್ತೆ, ಇನ್ನೊಬ್ಬರದ್ದು ಎಳೆಯುತ್ತೆ. ಅದಕ್ಕೇ ನಿಮ್ಮಲ್ಲಿ ಅರ್ಧ ಕ್ಲೇಮ್ ಹೋಗಿ ಅರ್ಧ ನಿಲ್ಲುತ್ತಿರೋದು.

ಮೊದಲು ಎನ್‌ಸಿಪಿಡಿಪಿಯ ಪ್ರೊಫೈಲ್ ತೆರೆಯಿರಿ. ಅಲ್ಲಿರುವ ಕಂಪನಿ ಹೆಸರು, ಲೈಸೆನ್ಸ್ ಮೇಲಿನ ಹೆಸರು, ಎನ್‌ಪಿಐ ದಾಖಲೆಯ ಹೆಸರು, ಮೂರೂ ಅಕ್ಷರ ಅಕ್ಷರ ಒಂದೇ ಇರಬೇಕು. ಒಂದು ಕಡೆ ಎಲ್‌ಎಲ್‌ಸಿ ಅಂತ ಇದ್ದು ಇನ್ನೊಂದು ಕಡೆ ಬಿಟ್ಟುಹೋಗಿದ್ದರೂ ಫೈಲ್ ಮೂಲೆಗೆ ಬೀಳುತ್ತೆ, ಯಾರೂ ಫೋನ್ ಮಾಡಿ ಹೇಳಲ್ಲ. ಬಹಳಷ್ಟು ಪಿಬಿಎಂಗಳು ನೋಡೋದು ಅದೇ ಪ್ರೊಫೈಲನ್ನ. ಆಮೇಲೆ ಪಿಎಸ್‌ಎಒಗೆ ಫೋನ್ ಮಾಡಿ, "ಈ ಬಿನ್‌ಗೆ ನಮ್ಮ ಎಫೆಕ್ಟಿವ್ ಡೇಟ್ ಯಾವತ್ತಿನಿಂದ?" ಅಂತ ಕೇಳಿ, ಉತ್ತರ ಇಮೇಲ್‌ನಲ್ಲಿ ತಗೊಳ್ಳಿ. ಬಾಯಿಮಾತು ಸಾಲದು.

ಸಣ್ಣ ಅಂಗಡಿ ಅಂತ ಹೆದರಬೇಡಿ. ಪ್ಲಾನ್‌ನ ಸಾಮಾನ್ಯ ಷರತ್ತುಗಳನ್ನು ಒಪ್ಪಿ ಪಾಲಿಸುವ ಯಾವ ಫಾರ್ಮಸಿಯನ್ನೂ ಪಾರ್ಟ್ ಡಿ ನೆಟ್‌ವರ್ಕ್‌ನಿಂದ ಹೊರಗಿಡುವಂತಿಲ್ಲ, ಕಾನೂನೇ ಹಾಗಿದೆ. ‘ಪ್ರಿಫರ್ಡ್’ (ಗಿರಾಕಿ ಕಡಿಮೆ ಕೊಟ್ಟರೆ ಸಾಕಾಗುವ ಅಂಗಡಿಗಳ) ಪಟ್ಟಿಗೆ ಸೇರಿಸಿಕೊಳ್ಳೋದು ಮಾತ್ರ ಅವರ ಇಷ್ಟ. ಷರತ್ತಿನಲ್ಲಿ ಬರೆದ ದರ ನೋಡಿದರೆ ಅಳು ಬರುತ್ತೆ, ಅದು ಬೇರೆ ಕಥೆ.

ಬಿಳಿಕೋಟು:
ಹಳೇ ಮಾಲೀಕರ ನಂಬರ್ ಇನ್ನೂ ನಡೀತಿದ್ದರೆ ಅದರಲ್ಲೇ ಬಿಲ್ ಹಾಕಿ ಅಂತ ಯಾರಾದರೂ ಸಲಹೆ ಕೊಡಬಹುದು. ದಯವಿಟ್ಟು ಬೇಡ. ಮಾತ್ರೆ ಕೊಡೋದು ನೀವು, ದುಡ್ಡು ಕೇಳೋದು ಇನ್ನೊಬ್ಬರ ಹೆಸರಲ್ಲಿ, ಅದೂ ಸರ್ಕಾರಿ ಹಣ. ಪಾರ್ಟ್ ಡಿ ದಾಖಲೆಗಳನ್ನು 10 ವರ್ಷ ಇಟ್ಟುಕೊಳ್ಳಬೇಕು ಅನ್ನೋದು ನೆನಪಿರಲಿ, ಅಂದರೆ ಯಾವಾಗ ಬೇಕಾದರೂ ಹಿಂದಕ್ಕೆ ಹೋಗಿ ಕೆದಕುತ್ತಾರೆ. ಹಳೇ ಡಿಇಎ ನೋಂದಣಿಯೂ ಅಂಗಡಿ ಜೊತೆ ನಿಮ್ಮ ಕೈಗೆ ಬರೋದಿಲ್ಲ. ನೀವು ಹೊಸದು ಮಾಡಿಸಿದ್ದು ಸರಿಯಾಯ್ತು.

ಅಜ್ಜನಿಗೆ "ಈಗ ಪೂರ್ತಿ ದುಡ್ಡು ಕೊಡಿ, ಆಮೇಲೆ ಪ್ಲಾನ್‌ನಿಂದ ತಗೊಳ್ಳಿ" ಅನ್ನೋದೂ ಒಳ್ಳೇದಲ್ಲ. ಹತ್ತಿರದಲ್ಲೇ ನೆಟ್‌ವರ್ಕ್ ಅಂಗಡಿ ಇದ್ದರೆ ಪ್ಲಾನ್‌ನವರು ಕೊಡಲ್ಲ ಅನ್ನಬಹುದು. ಚೀಟಿಯನ್ನು ಪಕ್ಕದ ಫಾರ್ಮಸಿಗೆ ವರ್ಗ ಮಾಡಿ, ಕಾಂಟ್ರಾಕ್ಟ್ ಬಂದ ಮೇಲೆ ಕರೆಯಿರಿ. ಗಿರಾಕಿ ಕಳೆದುಕೊಳ್ಳುವ ಭಯ ಅರ್ಥವಾಗುತ್ತೆ, ಆದರೆ ಬಿಪಿ ಮಾತ್ರೆ ಕಾಯಲ್ಲ.

ಕೌಂಟರ್‌ಹಿಂದೆ:
855 ಬಗ್ಗೆ. ಪಾರ್ಟ್ ಡಿಗೆ ಅದು ಬೇಕಾಗಿಲ್ಲ. ಅದು ಪಾರ್ಟ್ ಬಿ (ಡಾಕ್ಟರ್ ಭೇಟಿ, ಸಲಕರಣೆಗಳ ಭಾಗ) ಸಮಾಚಾರ. ಶುಗರ್ ಪರೀಕ್ಷೆಯ ಸ್ಟ್ರಿಪ್, ನೆಬ್ಯುಲೈಸರ್ ಔಷಧ ಇಂಥವಕ್ಕೆ ಮೆಡಿಕೇರ್‌ಗೆ ನೇರವಾಗಿ ಬಿಲ್ ಮಾಡಬೇಕಿದ್ದರೆ 855ಎಸ್ ಬೇಕು, ಜೊತೆಗೆ 50,000 ಡಾಲರ್ ಶ್ಯೂರಿಟಿ ಬಾಂಡ್ (ಖಾತರಿ ಪತ್ರ) ಬೇಕು. ಬಾಂಡ್‌ಗೂ, ಇದಕ್ಕೆ ಬೇಕಾಗುವ ಅಕ್ರಿಡಿಟೇಶನ್‌ಗೂ (ಗುಣಮಟ್ಟದ ಮಾನ್ಯತೆ) ಕೆಲವು ವಿನಾಯಿತಿಗಳಿವೆ, ಹೊಸ ಮಾಲೀಕರಿಗೆ ಅವು ಸಿಗುತ್ತವಾ ಅಂತ ಕೇಳಿಕೊಂಡೇ ಮುಂದುವರಿಯಿರಿ. ನಿಮ್ಮ ಊರಲ್ಲಿ ಶುಗರ್ ಇರುವ ಹಿರಿಯರು ಜಾಸ್ತಿ ಅಂದರೆ ಮಾಡಿಸಿ. ಆದರೆ 40 ಹೋಗಲಾಡಿಸಲು ಅದನ್ನು ತುಂಬಿ ಕೂತರೆ ಸುಮ್ನೆ ಕಾಲಹರಣ.

ಮಾತ್ರೆಡಬ್ಬಿ:
ತುಂಬಾ ಉಪಕಾರ ಆಯ್ತು. ಆ ಡಾಕ್ಟರ್ ವಿಷಯ? ಮೆಡಿಕೇರ್‌ಗೆ ಸೇರದ ಡಾಕ್ಟರ್ ಬರೆದರೆ ಪಾರ್ಟ್ ಡಿ ಕೊಡಲ್ಲ ಅಂತ ಎಲ್ಲೋ ಓದಿದ್ದೆ.

ಬಿಳಿಕೋಟು:
ಹಳೇ ಲೇಖನ ಓದಿರಬೇಕು. ಅಂಥ ನಿಯಮ 2014ರಲ್ಲಿ ಬಂತು, ಆದರೆ ಜಾರಿ ಮತ್ತೆ ಮತ್ತೆ ಮುಂದಕ್ಕೆ ಹೋಯ್ತು. ಹಲ್ಲಿನ ಡಾಕ್ಟರ್‌ಗಳು ಸಾಮಾನ್ಯವಾಗಿ ಮೆಡಿಕೇರ್‌ಗೆ ಸೇರಿರುವುದೇ ಇಲ್ಲ, ಅವರು ಬರೆದ ಆ್ಯಂಟಿಬಯಾಟಿಕ್ ಚೀಟಿಗಳ ಗತಿ ಏನು, ಅಲ್ವಾ? ಕೊನೆಗೆ 2018ರಲ್ಲಿ ಆ ನಿಯಮವನ್ನೇ ಕೈಬಿಟ್ಟರು. ಅದರ ಬದಲು ಪ್ರಿಕ್ಲೂಷನ್ ಲಿಸ್ಟ್ (ಇಂಥವರು ಬರೆದರೆ ದುಡ್ಡು ಕೊಡಬಾರದು ಅನ್ನುವ ಸಿಎಂಎಸ್ ಪಟ್ಟಿ) ತಂದರು, 2019ರ ಏಪ್ರಿಲ್‌ನಿಂದ ಅದರ ಪ್ರಕಾರ ಕ್ಲೇಮ್ ತಡೆಯುತ್ತಾರೆ. ಅಂದರೆ ಈಗ ಡಾಕ್ಟರ್ ಸೇರಿರಬೇಕು ಅಂತಿಲ್ಲ, ಆ ಪಟ್ಟಿಯಲ್ಲಿ ಇರಬಾರದು, ಕೇಂದ್ರ ಆರೋಗ್ಯ ಇಲಾಖೆಯ ತನಿಖಾ ಕಚೇರಿ ಓಐಜಿಯ ಬಹಿಷ್ಕಾರ ಪಟ್ಟಿಯಲ್ಲೂ ಇರಬಾರದು. ಮೆಡಿಕೇರ್‌ನಿಂದ ತಾವಾಗಿಯೇ ಹೊರಗೆ ಬಂದ ಡಾಕ್ಟರ್ ಬರೆದ ಚೀಟಿ ಕೂಡ ನಡೆಯುತ್ತೆ.

ನಿಮಗೆ ಬರುತ್ತಿರೋದು 25, ಅಂದರೆ ಡಾಕ್ಟರ್ ನಂಬರ್ ಇಲ್ಲ ಅಥವಾ ತಪ್ಪು ಅಂತ. ನನ್ನ ಅನುಮಾನ ಬೇರೆ ಕಡೆ ಇದೆ. ಎನ್‌ಪಿಐ ಎರಡು ಥರ, ವ್ಯಕ್ತಿಗೊಂದು, ಸಂಸ್ಥೆಗೊಂದು. ಕ್ಲಿನಿಕ್‌ನವರ ಸಾಫ್ಟ್‌ವೇರ್ ಸಂಸ್ಥೆಯ ಎನ್‌ಪಿಐ ಕಳಿಸುತ್ತಿದ್ದರೆ ಪಾರ್ಟ್ ಡಿ ಒಪ್ಪಲ್ಲ, ಚೀಟಿ ಬರೆದ ಮನುಷ್ಯನದ್ದೇ ಬೇಕು. ಸರ್ಕಾರದ ಎನ್‌ಪಿಐ ಹುಡುಕಾಟ ಪುಟದಲ್ಲಿ ಆ ಹತ್ತಂಕಿ ಹಾಕಿ ನೋಡಿ, ತಕ್ಷಣ ಗೊತ್ತಾಗುತ್ತೆ.

ಲಾಟರಿಅಜ್ಜಿ:
ಮಧ್ಯೆ ಬಾಯಿ ಹಾಕ್ತಿದ್ದೀನಿ. ಪೆನ್ಸಿಲ್ವೇನಿಯಾ ಅಂದಮೇಲೆ ಪೇಸ್ ಮರೆಯಬೇಡಿ. 1984ರಿಂದ ನಡೆಯುತ್ತಿರುವ, ಹಿರಿಯರ ಔಷಧ ಖರ್ಚಿಗೆ ನೆರವಾಗುವ ರಾಜ್ಯದ ಯೋಜನೆ, ಹಣ ಬರೋದು ರಾಜ್ಯದ ಲಾಟರಿಯಿಂದ. ಯಾರೋ ಟಿಕೆಟ್ ಗೀಚಿ ಸೋತರೆ ಇನ್ಯಾವುದೋ ಅಜ್ಜಿಗೆ ಜೆನೆರಿಕ್ ಮಾತ್ರೆ 6 ಡಾಲರ್‌ಗೆ, ಬ್ರ್ಯಾಂಡ್ ಆದರೆ 9ಕ್ಕೆ ಸಿಗುತ್ತೆ! ಪಾರ್ಟ್ ಡಿ ನೆಟ್‌ವರ್ಕ್‌ಗೆ ಸೇರಿದ ಮಾತ್ರಕ್ಕೆ ಪೇಸ್‌ಗೆ ಸೇರಿದ ಹಾಗಲ್ಲ. ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಪೇಸ್ ಯಾವಾಗಲೂ ಕೊನೆಯಲ್ಲಿ ಕೊಡೋದು, ಆದ್ದರಿಂದ ಮೊದಲು ಪಾರ್ಟ್ ಡಿಗೆ ಬಿಲ್ ಹಾಕಿ, ಉಳಿದದ್ದನ್ನು ಪೇಸ್‌ಗೆ. ಅದಲುಬದಲು ಮಾಡಿದರೆ ರಿಜೆಕ್ಟ್ 41, ಅಂದರೆ ಮೊದಲು ಬೇರೆ ವಿಮೆಗೆ ಬಿಲ್ ಹಾಕಿ ಅಂತ, ನೋಡ್ತೀರಿ.

ಕೌಂಟರ್‌ಹಿಂದೆ:
ಹೌದು, ಒಳ್ಳೇ ಮಾತು. ಇನ್ನೊಂದು ಹೊಸ ನೋಂದಣಿಯೂ ಇದೆ. 2026ರ ಜನವರಿಯಿಂದ ಎಲಿಕ್ವಿಸ್, ಜಾನುವಿಯಾ ಸೇರಿ 10 ಔಷಧಗಳಿಗೆ ಮೆಡಿಕೇರ್ ಚೌಕಾಸಿ ಮಾಡಿದ ದರ ಬಂದಿದೆ. ನೀವು ಹೋಲ್‌ಸೇಲ್‌ನಲ್ಲಿ ಜಾಸ್ತಿ ಕೊಟ್ಟು ತಂದಿರುತ್ತೀರಿ, ವ್ಯತ್ಯಾಸದ ಹಣ ಔಷಧ ಕಂಪನಿಯಿಂದ ಆಮೇಲೆ ಬರಬೇಕು. ಆ ಲೆಕ್ಕ ನಡೆಯೋದು ಸಿಎಂಎಸ್ ಏರ್ಪಡಿಸಿರುವ ಎಂಟಿಎಫ್ ವ್ಯವಸ್ಥೆಯಲ್ಲಿ. ಹೊಸ ನಂಬರ್‌ನಲ್ಲಿ ಅಲ್ಲಿ ನೋಂದಾಯಿಸಿ, ಬ್ಯಾಂಕ್ ಖಾತೆ ಕೊಡಿ. ಮಾಹಿತಿ ತಲುಪಿದ 14 ದಿನದೊಳಗೆ ಕಂಪನಿ ಕೊಡಬೇಕು ಅಂತ ನಿಯಮ. ಸಣ್ಣ ಅಂಗಡಿಗೆ ಆ 14 ದಿನವೂ ಭಾರವೇ, ಹಾಗಾಗಿ ಎಲಿಕ್ವಿಸ್ ಸ್ಟಾಕ್ ಲೆಕ್ಕ ನೋಡಿ ತನ್ನಿ.

ಮಾತ್ರೆಡಬ್ಬಿ:
ಅಪ್‌ಡೇಟ್. ಪಿಎಸ್‌ಎಒ ಇಮೇಲ್ ಬಂತು. ಆ ಬಿನ್‌ನ ಪಿಬಿಎಂ ನಮ್ಮ ಫೈಲನ್ನು ಬದಿಗಿಟ್ಟಿತ್ತು, ಮಾಲೀಕರ ಪಟ್ಟಿಯಲ್ಲಿ ಪಾರ್ಟ್‌ನರ್ ಸಹಿ ಬೇಕಿತ್ತಂತೆ. ಕಳಿಸಿದ ಮೇಲೆ ಮುಂದಿನ ತಿಂಗಳ 1ನೇ ತಾರೀಕು ಎಫೆಕ್ಟಿವ್ ಅಂತ ಬರೆದುಕೊಟ್ಟಿದ್ದಾರೆ. ಹಿಂದಿನ ತಾರೀಕಿಗೆ ಕೊಡಲ್ಲವಂತೆ, ಅಲ್ಲಿವರೆಗೆ ವರ್ಗ ಮಾಡುತ್ತಿದ್ದೇವೆ. ಕ್ಲಿನಿಕ್‌ನದ್ದು ಬಿಳಿಕೋಟು ಹೇಳಿದ ಹಾಗೇ ಸಂಸ್ಥೆಯ ನಂಬರ್. ಅವರ ಸಾಫ್ಟ್‌ವೇರ್ ಸರಿಹೋಗುವ ತನಕ ಪ್ರತಿ ಚೀಟಿಗೂ ಫೋನ್ ಮಾಡಿ ಡಾಕ್ಟರ್ ಎನ್‌ಪಿಐ ಕೇಳಿ ನಾವೇ ಸರಿಪಡಿಸುತ್ತಿದ್ದೇವೆ, ಇದು ಸರಿ ತಾನೇ?

ಬಿಳಿಕೋಟು:
ಸರಿ. ಯಾರ ಜೊತೆ, ಯಾವತ್ತು ಮಾತಾಡಿದಿರಿ ಅಂತ ಚೀಟಿಯ ಮೇಲೆ ಬರೆದಿಡಿ. ಆಡಿಟ್‌ನವರು ಮೊದಲು ಕೇಳೋದೇ ಅದು.