ಮಿಂಟ್ ಹಾಕಿದ್ಮೇಲೆ ವಿಂಡೋಸ್‌ನಲ್ಲಿ ಟೈಮ್ ಐದೂವರೆ ಗಂಟೆ ಹಿಂದೆ, ಡಿ ಡ್ರೈವ್‌ಗೂ ಏನೂ ಕಾಪಿ ಆಗ್ತಿಲ್ಲ

ಹಳೇಮಷೀನ್_ಮೇಷ್ಟ್ರು

ಎಲ್ರಿಗೂ ನಮಸ್ಕಾರ. ಲಿನಕ್ಸ್‌ಗೆ ನಾನು ಹೊಸಬ, ಮೂರು ವಾರ ಆಯ್ತಷ್ಟೆ. ಲ್ಯಾಪ್‌ಟಾಪ್ ಹಳೇದು, ನಾಲ್ಕನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗೀತು, 11 ಹಾಕೋಣ ಅಂದ್ರೆ ನಿನ್ನ ಮಷೀನಿಗೆ ಆಗಲ್ಲ ಅಂತು, ಅಳಿಯ ಊರಿಗೆ ಬಂದಾಗ ಒಂದು ಸಂಜೆ ಕೂತು ಲಿನಕ್ಸ್‌ನ ಒಂದು ಹಗುರ ರೂಪ, ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿಕೊಟ್ಟು ಹೋದ. ವಿಂಡೋಸ್ ತೆಗೀಬೇಡ ಅಂದಿದ್ದೆ, ಯಾಕಂದ್ರೆ ನುಡಿಯಲ್ಲಿ ಟೈಪ್ ಮಾಡಿದ ಹತ್ತು ವರ್ಷದ ಪ್ರಶ್ನೆಪತ್ರಿಕೆ ಎಲ್ಲಾ ಅದರಲ್ಲೇ ಇದೆ.

ಈಗ ಎರಡು ತಲೆನೋವು. ಒಂದು, ಮಿಂಟ್ ಉಪಯೋಗಿಸಿ ಆಮೇಲೆ ವಿಂಡೋಸ್‌ಗೆ ಹೋದ್ರೆ ಬೆಳಿಗ್ಗೆ ಒಂಬತ್ತೂವರೆ ಆಗಿರೋವಾಗ ಅದು ನಾಲ್ಕು ಗಂಟೆ ಅಂತ ತೋರಿಸತ್ತೆ. ನಾನು ಅಲ್ಲಿ ಸರಿಮಾಡಿ ವಾಪಸ್ ಮಿಂಟ್‌ಗೆ ಬಂದ್ರೆ ಇಲ್ಲಿ ಮಧ್ಯಾಹ್ನ ಮೂರು ಗಂಟೆ, ವೈಫೈ ಸಿಕ್ಕಿದ ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗತ್ತೆ. ಎರಡು, ಡಿ ಡ್ರೈವ್ ಮಿಂಟ್‌ನಲ್ಲಿ ತೆರಿಯತ್ತೆ, ಫೈಲ್ ಓದ್ಬಹುದು, ಆದ್ರೆ ಏನೂ ಸೇವ್ ಆಗಲ್ಲ, ರೀಡ್ ಓನ್ಲಿ ಅನ್ನತ್ತೆ. ಅಳಿಯನಿಗೆ ಫೋನ್ ಮಾಡಿದ್ರೆ "ಹಾರ್ಡ್ ಡಿಸ್ಕ್ ಹೋಗ್ತಿರ್ಬೇಕು ಮಾವ" ಅಂದ. ಹೆದರಿಕೆ ಆಗಿದೆ.

ಕರಿಪರದೆ

ಹಾರ್ಡ್ ಡಿಸ್ಕ್ ಏನೂ ಆಗಿಲ್ಲ ಮೇಷ್ಟ್ರೇ, ಅಳಿಯಂದ್ರಿಗೆ ಸ್ವಲ್ಪ ಆತುರ.

ನೀವು ಕೊಟ್ಟಿರೋ ಲೆಕ್ಕದಲ್ಲೇ ಉತ್ತರ ಇದೆ ನೋಡಿ. ಎಷ್ಟು ವ್ಯತ್ಯಾಸ? ಸರಿಯಾಗಿ ಐದೂವರೆ ಗಂಟೆ, ಹತ್ತು ನಿಮಿಷ ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ನಮ್ಮ ಭಾರತದ ಟೈಮು ಯುಟಿಸಿಗಿಂತ (ಇಡೀ ಜಗತ್ತು ಲೆಕ್ಕಕ್ಕೆ ಇಟ್ಕೊಂಡಿರೋ ಟೈಮು) ಮುಂದಿರೋದು ಅಷ್ಟೇ. ಕೆಟ್ಟ ಗಡಿಯಾರ ಇಷ್ಟು ಶಿಸ್ತಾಗಿ ತಪ್ಪಲ್ಲ. ಮದರ್‌ಬೋರ್ಡ್ ಮೇಲೆ ಒಂದು ಚಿಕ್ಕ ಗಡಿಯಾರ ಇರತ್ತೆ, ಆರ್‌ಟಿಸಿ ಅಂತಾರೆ, ಪವರ್ ಆಫ್ ಆದ್ರೂ ಓಡ್ತಿರತ್ತೆ. ಅದರಲ್ಲಿ ಬರೀ ಅಂಕಿ ಇರೋದು, ಇದು ಯಾವ ಊರಿನ ಟೈಮು ಅಂತ ಬರೆದಿರಲ್ಲ. ವಿಂಡೋಸ್ ಅದನ್ನ ಸ್ಥಳೀಯ ಟೈಮು ಅಂದ್ಕೊಳತ್ತೆ, ಡಾಸ್ ಕಾಲದಿಂದ ಬಂದ ಅಭ್ಯಾಸ ಅದು. ಲಿನಕ್ಸ್ ಯುಟಿಸಿ ಅಂದ್ಕೊಂಡು ಮೇಲೆ ಐದೂವರೆ ಕೂಡಿಸಿ ತೋರಿಸತ್ತೆ. ಒಂದೇ ಗಡಿಯಾರ, ಇಬ್ರು ಯಜಮಾನ್ರು, ಒಬ್ಬ ತಿರುಗಿಸಿಟ್ಟಿದ್ದನ್ನ ಇನ್ನೊಬ್ಬ ತಪ್ಪು ಅಂತ ಮತ್ತೆ ತಿರುಗಿಸ್ತಾನೆ.

ಸುಲಭದ ದಾರಿ ಅಂದ್ರೆ ಮಿಂಟ್‌ಗೆ ನೀನೂ ಸ್ಥಳೀಯ ಟೈಮೇ ಇಟ್ಕೊ ಅಂತ ಹೇಳೋದು. ಟರ್ಮಿನಲ್ ತೆಗೆದು ಇದನ್ನ ಹೊಡೀರಿ (ಇಲ್ಲಿ ಕನ್ನಡದಲ್ಲಿ ಬರ್ದಿದೀನಿ, ಅಲ್ಲಿ ಇಂಗ್ಲಿಷ್ ಸಣ್ಣಕ್ಷರ, ಮೊದಲ ಪದದಲ್ಲಿ ಸ್ಪೇಸ್ ಇಲ್ಲ, ಎರಡನೇದ್ರ ಮಧ್ಯೆ ಎರಡು ಹೈಫನ್):

ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1

ಪಾಸ್‌ವರ್ಡ್ ಕೇಳತ್ತೆ, ಕೊಡಿ. ಆಮೇಲೆ ಬರೀ ಟೈಮ್‌ಡೇಟ್‌ಸಿಟಿಎಲ್ ಅಂತ ಹೊಡೆದ್ರೆ ಕೆಳಗಡೆ ಒಂದು ಉದ್ದ ಎಚ್ಚರಿಕೆ ಬರತ್ತೆ, ಹೆದರ್ಬೇಡಿ. ಬೇಡ ಅನ್ನಿಸಿದ್ರೆ ಅದೇ ಕಮಾಂಡ್ ಕೊನೇಲಿ 1ರ ಬದಲು 0 ಹಾಕಿ.

ಡ್ರೈವ್_ಡಾಕ್ಟರ್

ಟೈಮ್ ಬಗ್ಗೆ ಮೇಲೆ ಹೇಳಿದಾರೆ. ಡಿ ಡ್ರೈವ್ ರೀಡ್ ಓನ್ಲಿ ಅಂದ್ರೆ ಫೋರ್ಸ್ ಮಾಡಿ ಮೌಂಟ್ ಮಾಡ್ಬಹುದು (ಡ್ರೈವ್ ಜೋಡಿಸ್ಬಹುದು), ವಿಂಡೋಸ್ ಡ್ರೈವ್‌ನ ಲಿನಕ್ಸ್‌ನಲ್ಲಿ ತೆರೆಯೋ ಎನ್‌ಟಿಎಫ್‌ಎಸ್-3ಜಿಗೆ ರಿಮೂವ್ ಹೈಬರ್‌ಫೈಲ್ ಅಂತ ಒಂದು ಆಪ್ಷನ್ ಇದೆ, ಅದು ಹಾಕಿ, ಎರಡು ನಿಮಿಷದ ಕೆಲಸ.

ಹುಬ್ಬಳ್ಳಿ_ಟರ್ಮಿನಲ್

ಅಯ್ಯೋ ಬ್ಯಾಡ್ರಿ ಮೇಷ್ಟ್ರ, ಅದನ್ನ ಮಾತ್ರ ಮಾಡಬ್ಯಾಡ್ರಿ! ಆ ಆಪ್ಷನ್ ವಿಂಡೋಸ್ ಮಲಗೋ ಮುಂದ ಉಳಿಸಿಟ್ಟಿದ್ದನ್ನೆಲ್ಲಾ ಅಳಿಸಿ ಹಾಕ್ತದ. ನಾ ಒಮ್ಮೆ ಹೈಬರ್ನೇಟ್ ಮಾಡಿದ್ದು ಮರೆತು ಹಂಗ ಮಾಡಿ, ತೆರೆದಿಟ್ಟ ಎಕ್ಸೆಲ್ ಶೀಟಿನ ಅರ್ಧ ದಿನದ ಕೆಲಸ ಕಳ್ಕೊಂಡೀನಿ, ಮನ್ಯಾಗ ಬೈಸ್ಕೊಂಡಿದ್ದು ಬ್ಯಾರೆ.

ಖರೇ ವಿಷಯ ಏನಂದ್ರ ನಿಮ್ಮ ವಿಂಡೋಸ್ ಪೂರ್ತಿ ಬಂದ್ ಆಗವಲ್ದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ತಂದಾರ, ನೀವು ಶಟ್‌ಡೌನ್ ಒತ್ತಿದ್ರೂ ಅದು ನಿಮ್ಮ ಪ್ರೋಗ್ರಾಮ್ ಅಷ್ಟ ಮುಚ್ಚಿ, ಕರ್ನಲ್ಲನ್ನ (ವಿಂಡೋಸಿನ ತಿರುಳು) ಡಿಸ್ಕಿಗೆ ಬರೆದಿಟ್ಟು ಅರ್ಧಾ ನಿದ್ದಿಗೆ ಹೋಗ್ತದ, ಮರುದಿನ ಲಗೂನ ಏಳಾಕ. ಸಿ ಡ್ರೈವ್, ಡಿ ಡ್ರೈವ್ ಎರಡೂ ತನ್ನ ಕೈಯಾಗ ಅದಾವ ಅಂತನ ನೆನಪಿಟ್ಕೊಂಡು ಮಲಗಿರ್ತದ. ಈ ಕಡೆ ಮಿಂಟ್ ಹೋಗಿ ಅದರಾಗ ಏನರ ಬರೆದ್ರ, ಅದು ಎದ್ದ ಮ್ಯಾಲ ತನ್ನ ಹಳೇ ನೆನಪಿನ ಪ್ರಕಾರ ಮತ್ತೊಮ್ಮೆ ಬರೆದು ಫೈಲ್ ಸಿಸ್ಟಮ್ ಹಾಳಾಗ್ತದ. ಅದಕ್ಕ ಮಿಂಟ್ ಓದಾಕ ಬಿಡ್ತದ, ಬರಿಯಾಕ ಬಿಡವಲ್ದು. ನಿಮ್ಮ ಒಳ್ಳೇದಕ್ಕ ತಡೀತೈತಿ.

ಮೊದ್ಲ ಇದು ಹೌದೋ ಅಲ್ಲೋ ನೋಡ್ರಿ. ವಿಂಡೋಸಿನ್ಯಾಗ ಶಟ್‌ಡೌನ್ ಬ್ಯಾಡ, ರೀಸ್ಟಾರ್ಟ್ ಒತ್ರಿ, ಬೂಟ್ ಮೆನುದಾಗ ಮಿಂಟ್ ಆರಿಸ್ರಿ, ಆಮ್ಯಾಲ ಡಿ ಡ್ರೈವಿನ್ಯಾಗ ಒಂದು ಖಾಲಿ ಫೋಲ್ಡರ್ ಮಾಡ್ರಿ. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ತಿ ಬಂದ್ ಆಗೇ ಏಳ್ತದ, ಹಂಗಾಗಿ ಫೋಲ್ಡರ್ ಆತಂದ್ರ ಕಳ್ಳ ಸಿಕ್ಕ ಅಂತ ಲೆಕ್ಕ.

ಹಳೇಮಷೀನ್_ಮೇಷ್ಟ್ರು

ಫೋಲ್ಡರ್ ಆಯ್ತು ಸಾರ್!! ರೀಸ್ಟಾರ್ಟ್ ಮಾಡಿ ಬಂದೆ, ಆಯ್ತು. ಆದ್ರೆ ದಿನಾ ಹೀಗೆ ರೀಸ್ಟಾರ್ಟ್ ಒತ್ತೋದು ನೆನಪಿರತ್ತಾ ನನಗೆ, ಶಾಶ್ವತವಾಗಿ ಏನಾದ್ರೂ ಇದ್ಯಾ?

ಹುಬ್ಬಳ್ಳಿ_ಟರ್ಮಿನಲ್

ಅದ ರೀ. ವಿಂಡೋಸ್ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಕ್ಕ "ಚೂಸ್ ವಾಟ್ ದ ಪವರ್ ಬಟನ್ಸ್ ಡೂ". ಕೆಳಗ ಟಿಕ್ ಮಸುಕಾಗಿ ಕಾಣ್ತದ, ಮ್ಯಾಲ "ಚೇಂಜ್ ಸೆಟ್ಟಿಂಗ್ಸ್" ಅಂತ ನೀಲಿ ಅಕ್ಷರ ಐತಿ, ಅದನ್ನ ಒತ್ತಿದ ಮ್ಯಾಲ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೀರಿ. ಹೈಬರ್ನೇಟ್ ನೀವು ಬಳಸೋದ ಇಲ್ಲ ಅಂದ್ರ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆಫ್. ಎರಡೂ ಒಮ್ಮೆಲೇ ಹೋಗ್ತಾವ, ಹೈಬರ್‌ಫೈಲ್ ತಿಂತಿದ್ದ ಜಾಗಾನೂ ಸಿ ಡ್ರೈವಿನ್ಯಾಗ ವಾಪಸ್ ಬರ್ತದ. ವಿಂಡೋಸ್ ಏಳೂದು ತುಸು ತಡ ಆಗ್ತದ, ಚಾ ಕುಡೀರಿ ಅಷ್ಟೊತ್ತಿಗೆ.

ಮ್ಯೂನಿಕ್_ಮಲ್ನಾಡು

ಟೈಮ್ ಬಗ್ಗೆ ಒಂದು ಸೇರಿಸ್ತೀನಿ. ಕರಿಪರದೆ ಅವ್ರು ಹೇಳಿದ ಲೋಕಲ್ ಆರ್‌ಟಿಸಿ ಭಾರತದಲ್ಲಿ ಆರಾಮಾಗಿ ನಡೆಯತ್ತೆ, ನಾನೂ ಊರಲ್ಲಿದ್ದಾಗ ಅದೇ ಮಾಡಿದ್ದೆ. ಇಲ್ಲಿ ಜರ್ಮನಿಗೆ ಬಂದ್ಮೇಲೆ ಮಾತ್ರ ಕೈಕೊಟ್ತು. ಇಲ್ಲಿ ಮಾರ್ಚ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೇ ಭಾನುವಾರ ವಾಪಸ್ ಹಿಂದೆ. ಸ್ಥಳೀಯ ಟೈಮ್ ಬರೆದಿಟ್ಟಿರೋ ಆರ್‌ಟಿಸಿನ ಆವತ್ತು ಯಾರು ತಿರುಗಿಸ್ಬೇಕು? ವಿಂಡೋಸ್ ತಿರುಗಿಸ್ತಾ ಲಿನಕ್ಸ್ ತಿರುಗಿಸ್ತಾ ಅಂತ ಒಬ್ರಿಗೊಬ್ರಿಗೆ ಗೊತ್ತಾಗಲ್ಲ, ಆ ಉದ್ದ ಎಚ್ಚರಿಕೆ ಇರೋದು ಇದಕ್ಕೇ. ನಾನು ಸೋಮವಾರ ಮೀಟಿಂಗ್‌ಗೆ ಒಂದು ಗಂಟೆ ಮೊದ್ಲೇ ಹೋಗಿ ಕೂತಿದ್ದೆ, ನಮ್ಮೋರು ಅಂದ್ರೆ ಲೇಟು ಅಂದ್ಕೊಂಡಿದ್ದ ಮ್ಯಾನೇಜರ್‌ಗೆ ಖುಷಿಯೋ ಖುಷಿ.

ಹೊರದೇಶದಲ್ಲಿ ಇರೋರು ಉಲ್ಟಾ ಮಾಡಿ, ಲಿನಕ್ಸ್ ಮುಟ್ಬೇಡಿ, ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಕೊಳ್ಳೋ ರಿಜಿಸ್ಟ್ರಿಯ ಟೈಮ್‌ಝೋನ್ ಇನ್ಫರ್ಮೇಶನ್ ಕೀ ಒಳಗೆ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಅಂತ ಒಂದು ಡಿವರ್ಡ್ (ಅಂಕಿ ಹಿಡಿಯೋ ನಮೂದು) ಮಾಡಿ 1 ಕೊಡಿ. ಆಗ ಅದೂ ಯುಟಿಸಿ ಒಪ್ಕೊಳತ್ತೆ. ಆದ್ರೆ ಎರಡರಲ್ಲಿ ಒಂದು ಮಾತ್ರ ಮಾಡಿ, ಎರಡೂ ಕಡೆ ಮಾಡಿದ್ರೆ ಜಗಳ ಹಾಗೇ ಇರತ್ತೆ, ಪಕ್ಷ ಮಾತ್ರ ಅದಲುಬದಲು.

ತುಂಗೆ_ತೀರ

ಮಧ್ಯೆ ಬಾಯಿ ಹಾಕ್ತಿದೀನಿ, ನನ್ನ ಡೆಸ್ಕ್‌ಟಾಪ್‌ದೂ ಟೈಮ್ ತೊಂದ್ರೆ. ರಾತ್ರಿ ಗೋಡೆ ಸ್ವಿಚ್ ಆಫ್ ಮಾಡಿ ಬೆಳಿಗ್ಗೆ ಹಾಕಿದ್ರೆ ಬಯೋಸ್‌ನಲ್ಲಿ (ಆನ್ ಮಾಡಿದ ತಕ್ಷಣ ಹೋಗ್ಬಹುದಾದ ಸೆಟ್ಟಿಂಗ್ ಪರದೆ) 2012 ಜನವರಿ 1 ಅಂತ ಬರತ್ತೆ. ವಿಂಡೋಸ್‌ನಲ್ಲಿ ಯಾವ ಸೈಟೂ ತೆರೆಯಲ್ಲ, ಸೇಫ್ ಅಲ್ಲ ಅನ್ನತ್ತೆ, ನಾನು ವೈಫೈ ಕೆಟ್ಟಿದೆ ಅಂತ ರೂಟರ್ ಬೇರೆ ಬದಲಾಯಿಸ್ದೆ. ನಾನೂ ಆ ಲೋಕಲ್ ಆರ್‌ಟಿಸಿ ಹೊಡೀಲಾ?

ಕರಿಪರದೆ

ಬೇಡ ಬೇಡ, ನಿಮ್ದು ಬೇರೆ ಕಾಯಿಲೆ. ಮೇಷ್ಟ್ರದ್ದು ಐದೂವರೆ ಗಂಟೆ, ನಿಮ್ದು ವರ್ಷಗಟ್ಲೆ. ಕರೆಂಟ್ ಹೋದ ತಕ್ಷಣ ಗಡಿಯಾರ ಮರೆತು ಹೋಗ್ತಿದೆ ಅಂದ್ರೆ ಬೋರ್ಡ್ ಮೇಲಿನ ಸೆಲ್ ಸತ್ತಿದೆ. ಸಿಆರ್2032, ಮೂರು ವೋಲ್ಟ್, ರೂಪಾಯಿ ನಾಣ್ಯದ ಥರ ಇರತ್ತೆ, ವಾಚ್ ರಿಪೇರಿ ಅಂಗಡೀಲೂ ಸಿಗತ್ತೆ. ಪ್ಲಗ್ ಕಿತ್ತು ಬದಲಾಯಿಸಿ, ಬಯೋಸ್‌ಗೆ ಹೋಗಿ ತಾರೀಕು ಕೊಟ್ಟು ಸೇವ್ ಮಾಡಿ. ಸೈಟ್‌ಗಳ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರತ್ತೆ, 2012ರಲ್ಲಿ ಕೂತು ನೋಡಿದ್ರೆ ಅವು ಇನ್ನೂ ಹುಟ್ಟೇ ಇಲ್ಲ, ಬ್ರೌಸರ್ ಹೆಂಗೆ ನಂಬತ್ತೆ ಹೇಳಿ. ಪಾಪ ರೂಟರ್.

ಹಳೇಮಷೀನ್_ಮೇಷ್ಟ್ರು

ಮಿಂಟ್‌ನಲ್ಲಿ ಆ ಟೈಮ್ ಕಮಾಂಡು, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್, ಎರಡೂ ಮಾಡಿದೆ, ನಾಲ್ಕು ದಿನ ನೋಡಿ ಬರೀತಿದೀನಿ. ಟೈಮ್ ಎರಡು ಕಡೇನೂ ಸರಿ ಇದೆ, ಮೊದಲ ಸಲ ಮಾತ್ರ ವಿಂಡೋಸ್‌ನಲ್ಲಿ ಒಂದ್ಸಲ ಕೈಯಾರೆ ಸಿಂಕ್ ಮಾಡ್ಬೇಕಾಯ್ತು. ಡಿ ಡ್ರೈವ್ ಶಟ್‌ಡೌನ್ ಮಾಡಿ ಬಂದ್ರೂ ಬರೆಯತ್ತೆ. ವಿಂಡೋಸ್ ಏಳೋಕೆ ಮಾತ್ರ ನಿಜವಾಗ್ಲೂ ಒಂದು ಚಾ ಬೇಕು.

ಕರಿಪರದೆ, ಹುಬ್ಬಳ್ಳಿಯವ್ರು, ಎಲ್ರಿಗೂ ಥ್ಯಾಂಕ್ಸ್. ಅಳಿಯನಿಗೆ ಈ ಪೇಜ್ ಕಳಿಸಿದೀನಿ, ಇನ್ನೂ ಉತ್ತರ ಬಂದಿಲ್ಲ. ಆ ನುಡಿ ಫೈಲ್‌ಗಳು ಮಿಂಟ್‌ನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಕಾಣ್ತಿವೆ, ಅದಕ್ಕೆ ಬೇರೆ ಪ್ರಶ್ನೆ ಹಾಕ್ಲಾ ಇಲ್ಲೇ ಕೇಳ್ಲಾ?

ಕರಿಪರದೆ

ಬೇರೆ ಹಾಕಿ ಮೇಷ್ಟ್ರೇ, ಅದು ದೊಡ್ಡ ಕಥೆ. ಆ ಫೈಲ್‌ಗಳು ಯೂನಿಕೋಡ್ ಅಲ್ಲ, ಆಸ್ಕಿ, ಅಂದ್ರೆ ಇಂಗ್ಲಿಷ್ ಅಕ್ಷರಗಳಿಗೇ ಕನ್ನಡ ಫಾಂಟ್ ತೊಡಿಸಿದ್ದು, ಆ ಫಾಂಟ್ ಇಲ್ದಿದ್ರೆ ಹಾಗೇ ಕಾಣೋದು. ಪರಿವರ್ತಕ ಇವೆ, ಹೇಳ್ತೀನಿ. ಅಲ್ಲೀವರೆಗೂ ಮೂಲ ಫೈಲ್ ಮುಟ್ಬೇಡಿ, ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿಡಿ.