ಪದಚರ್ಚೆ: ಕರಿಜೀರಿಗೆ ಬೀಜಕ್ಕೆ ‘ಬ್ಯಾಕ್ಟೀರಿಯಾ ನಿರೋಧಕ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕರಿಜೀರಿಗೆ ಬೀಜದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಹಿಂದಿಯವರು ಕಲೋಂಜಿ ಅಂತಾರಲ್ಲ, ಅದು. ಪಲಾವಿಗೆ ಹಾಕುವ ಶಾಹಿ ಜೀರಿಗೆ ಬೇರೆ, ಹೊಟ್ಟೆಹುಳಕ್ಕೆ ಕೊಡುವ ಕಾಡುಜೀರಿಗೆಯೂ ಬೇರೆ. ಬೀಜದಲ್ಲಿ ಯಾವ ಎಲಿಮೆಂಟ್ ಎಷ್ಟಿದೆ, ಬ್ಯಾಕ್ಟೀರಿಯಾ ಮೇಲೆ ಅದರ ಪರಿಣಾಮ ಏನು ಅನ್ನುವುದು ವಿಷಯ. ಎರಡು ಕಡೆ ಪದಕ್ಕೆ ತಡಕಾಡುತ್ತಿದ್ದೇನೆ.

ಮೊದಲನೆಯದು ‘ಧಾತು’. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಎಲಿಮೆಂಟ್‌ಗೆ ಇದೇ ಪದ. ಆದರೆ ಔಷಧಿ ಗಿಡದ ವಿಚಾರದಲ್ಲಿ ಧಾತು ಅಂದ ಕೂಡಲೇ ಆಯುರ್ವೇದ ಬಲ್ಲವರಿಗೆ ರಸ, ರಕ್ತ, ಮಾಂಸ ಮೊದಲಾದ ಸಪ್ತಧಾತು ನೆನಪಾಗುತ್ತವೆ. ಹಾಗಾಗಿ ‘ಮೂಲವಸ್ತು’ ಅಂತ ಬರೆದಿದ್ದೇನೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ, ಸತು ಮಾತ್ರ ಇದ್ದರೆ ‘ಖನಿಜಾಂಶ’ ಸಾಕು. ಇಂಗಾಲ, ಸಾರಜನಕವೂ ಸೇರಿದರೆ ಸಾಲದು.

ಜಾಸ್ತಿ ತೊಡಕು ‘ನಿರೋಧಕ’ದ್ದು. ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾವನ್ನು ‘ಔಷಧ ನಿರೋಧಕ ಬ್ಯಾಕ್ಟೀರಿಯಾ’ ಅನ್ನುತ್ತೇವೆ. ಅದೇ ಪ್ಯಾರಾದಲ್ಲಿ ‘ಬ್ಯಾಕ್ಟೀರಿಯಾ ನಿರೋಧಕ ಬೀಜ’ವೂ ಬಂದರೆ ಯಾವುದು ಯಾವುದನ್ನು ತಡೆಯುತ್ತಿದೆ ಅಂತಲೇ ತಿಳಿಯುವುದಿಲ್ಲ.

‘ಬ್ಯಾಕ್ಟೀರಿಯಾ ನಾಶಕ’ವೂ ಬೇಡ ಅನ್ನಿಸುತ್ತದೆ. ಲ್ಯಾಬಿನಲ್ಲಿ ಅಗರ್ ಎಂಬ ಜೆಲ್ಲಿಯಂಥ ಪದಾರ್ಥ ಹಾಕಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಬೀಜದ ಎಣ್ಣೆ ಹೀರಿದ ಸಣ್ಣ ಕಾಗದದ ಬಿಲ್ಲೆ ಇಡುತ್ತಾರೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ತಟ್ಟೆಯೆಲ್ಲ ಮಬ್ಬಾಗುತ್ತದೆ. ಎಣ್ಣೆ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಉಂಗುರ ಉಳಿಯುತ್ತದೆ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ ಅಂತಷ್ಟೇ ಇದರಿಂದ ಗೊತ್ತಾಗುವುದು. ಸತ್ತಿವೆಯಾ ಅಂತ ತಿಳಿಯಲು ಬೇರೆ ಪರೀಕ್ಷೆ ಮಾಡಬೇಕು. ಹಾಗಾಗಿ ‘ಬ್ಯಾಕ್ಟೀರಿಯಾ ತಡೆಯುವ ಗುಣ’ ಅನ್ನುವುದೇ ಸರಿ ಅಂತ ನನ್ನ ಅಭಿಪ್ರಾಯ. ‘ಬ್ಯಾಕ್ಟೀರಿಯಾ ಕೊಲ್ಲುವ ಬೀಜ’ ಅಂತ ಓದಿದವರು ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿಬಿಟ್ಟರೆ ಕಷ್ಟ ಅಲ್ವಾ?

ಎರಡು ವಿಷಯವನ್ನೂ ಒಂದೇ ತಲೆಬರಹದಲ್ಲಿ ಸೇರಿಸಲೂ ಹಿಂಜರಿಕೆ. ಸತು, ಕಬ್ಬಿಣವೇ ಬ್ಯಾಕ್ಟೀರಿಯಾ ತಡೆಯುತ್ತವೆ ಅಂತ ಓದುಗರು ಅಂದುಕೊಂಡಾರು. ಈ ಗುಣಕ್ಕೆ ಮುಖ್ಯವಾಗಿ ಹೆಸರಾಗಿರುವುದು ಎಣ್ಣೆಯಲ್ಲಿರುವ ಥೈಮೋಕ್ವಿನೋನ್ ಎಂಬ ರಾಸಾಯನಿಕ. ಅದರಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಮೂರೇ.

ಇನ್ನು ಉಳಿದಿರುವುದು ಆ ಉಂಗುರದ ಹೆಸರು. ‘ಪ್ರತಿಬಂಧಕ ವಲಯ’ ಅನ್ನಬಹುದು, ಆದರೆ ಓದಲು ಭಾರ. ‘ತಡೆವಲಯ’ ಆದೀತೇ? ಮೈಕ್ರೋಬಯಾಲಜಿ ಪಾಠವನ್ನು ಕನ್ನಡದಲ್ಲಿ ವಿವರಿಸುವವರು ಇದ್ದರೆ, ಕ್ಲಾಸಿನಲ್ಲಿ ನೀವು ಏನು ಹೇಳುತ್ತೀರಿ ಅಂತ ದಯವಿಟ್ಟು ತಿಳಿಸಿ.