ಮಂಜನ ಮನೇಲಿ ಆಟಮ್ ಅಂತೆ

ಮಂಜನ ನಾದಿನಿ ಇರೋದು ಅಮೆರಿಕದ ಇಲಿನಾಯ್‌ನಲ್ಲಿ. ಅಕ್ಟೋಬರ್ ಬಂತು ಅಂದ್ರೆ ಆಕೆ ವಾಟ್ಸಾಪ್ ಸ್ಟೇಟಸ್ ತುಂಬಾ ಬರೀ ಕೆಂಪು ಎಲೆ, ಮೆಟ್ಟಿಲ ಮೇಲೆ ಸಾಲಾಗಿ ಕುಂಬಳಕಾಯಿ, ಬಾಗಿಲಿಗೆ ಒಣಹೂವಿನ ಚಕ್ರ, ಮಕ್ಕಳು ನೆಲದ ಮೇಲೆ ಕೂತ್ಕೊಂಡು ಎಲೆ ಅಂಟಿಸಿ ಗೂಬೆ ಮಾಡ್ತಿರೋದು, ಓವನ್ನಿಂದ ಆಗಷ್ಟೇ ತೆಗೆದ ಪಂಪ್ಕಿನ್ ಪೈ. ಇದನ್ನೆಲ್ಲಾ ನೋಡಿ ನೋಡಿ ಮಂಜನ ಹೆಂಡ್ತಿಗೆ ಈ ಸಲ ನಮ್ಮನೇಲೂ ಆಟಮ್, ಅಂದ್ರೆ ಅವರ ಎಲೆ ಉದುರೋ ಕಾಲ, ಮಾಡಣ ಅಂತ ಹುಕಿ ಬಂದೈತಿ. ಎಲ್ಲಿ? ದಾವಣಗೆರೆ ವಿದ್ಯಾನಗರದಾಗೆ.

ಅವನು ಇದನ್ನ ನಮ್ಮ ಮುಂದೆ ಬಾಯಿ ಬಿಟ್ಟಿದ್ದು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಬೆಂಚಿನ ಮೇಲೆ, ಅಲ್ಲಿ ಬಾಯಿ ಬಿಟ್ರೆ ಏನಾಗ್ತೈತಿ ಅಂತ ಗೊತ್ತಿದ್ದೂ ಬಿಟ್ಟ. ರಿಟೈರ್ಡ್ ಸೈನ್ಸ್ ಮೇಷ್ಟ್ರು ಇದ್ರು, ಬ್ಯಾಂಕಿನ ಗೀತಕ್ಕ ಇದ್ಲು, ನಾನಿದ್ದೆ. ಬನ್ನಿ ಹಬ್ಬ ಈಗಷ್ಟೇ ಮುಗಿದಿತ್ತು, ಶೀಗೆ ಹುಣ್ಣಿಮೆ ಎದುರಿಗಿತ್ತು, ಎಲ್ಲರಿಗೂ ಪುರುಸೊತ್ತೂ ಇತ್ತು.

"ಆಟಮ್ ಮಾಡೋದು ಅಂದ್ರೆ ಏನ್ಲೇ, ಅದೇನ್ ಉಪ್ಪಿಟ್ಟಾ?" ಅಂದೆ.

"ಥೀಮ್ ಕಣಪಾ. ಹಾಲ್‌ಗೆ ಒಣ ಎಲೆ ತೋರಣ, ಟೇಬಲ್ ಮೇಲೆ ಕುಂಬಳಕಾಯಿ, ಮಕ್ಕಳಿಗೆ ಕ್ರಾಫ್ಟು, ಸಂಜೆಗೆ ಚಕ್ಕೆ ವಾಸ್ನೆ ಬರೋದು ಏನಾದ್ರೂ ಸ್ವೀಟು. ಎಲೆ ತರೋದು ನನ್ನ ಕೆಲಸ. ಕುಂದುವಾಡ ಕೆರೆ ಸುತ್ತ ಪೂರ್ತಿ ರೌಂಡ್ ಹೊಡೆದೆ, ಒಂದೊಂದು ಮರಾನೂ ಹಚ್ಚಗೆ ಮಳೆಗಾಲದ ಪೊಗರಿನಾಗೆ ನಿಂತೈತಿ. ಬಿದ್ದಿದ್ದು ಅಂದ್ರೆ ಚಿಪ್ಸ್ ಪ್ಯಾಕೆಟ್ ಮಾತ್ರ."

"ಹೆಂಗ್ ಬೀಳ್ತಾವಪ್ಪ ಎಲೆ?" ಅಂತ ಮೇಷ್ಟ್ರು ಶುರು ಹಚ್ಕೊಂಡ್ರು, ಮೇಷ್ಟ್ರು ಶುರು ಹಚ್ಕೊಂಡ್ರೆ ಈಗ ಬೆಲ್ ಹೊಡಿಯೋಕೆ ಜವಾನನೂ ಇಲ್ಲ. "ಅಲ್ಲಿ ಹಗಲು ಸಣ್ಣದಾಗಿ ಚಳಿ ಶುರುವಾದ್ರೆ ಎಲೆ ಒಳಗಿನ ಕ್ಲೋರೋಫಿಲ್ ಒಡೆದು ಹೋಗ್ತೈತಿ. ಹಸಿರು ಹೋಯ್ತು ಅಂದ್ರೆ ಮೊದ್ಲಿಂದ ಒಳಗೇ ಅಡಗಿದ್ದ ಹಳದಿ ಹೊರಗೆ ಕಾಣ್ತೈತಿ, ಕೆಂಪು ಮಾತ್ರ ಆಗ ಹೊಸದಾಗಿ ತಯಾರಾಗೋದು, ಆಂಥೋಸಯನಿನ್ ಅಂತ. ನಮ್ಮ ಮರಗಳಿಗೆ ಇರೋದು ಚಳಿ ಭಯ ಅಲ್ಲ, ನೀರು ಸಿಗಲ್ಲ ಅನ್ನೋ ಭಯ. ಅಕ್ಟೋಬರ್‌ನಾಗೆ ಮಳೆ ಇನ್ನೂ ಮುಗಿದಿಲ್ಲ, ಹಿಂಗಾರು ಬೇರೆ ಬರ್ತೈತಿ, ಯಾವ ಮರಕ್ಕೆ ಹುಚ್ಚು ಹಿಡಿದೈತಿ ಈಗ ಎಲೆ ಉದುರಿಸೋಕೆ? ದುರ್ಗದ ಜೋಗಿಮಟ್ಟಿಗೆ ಈಗ ಹೋಗು, ಹಸಿರು. ಫೆಬ್ರುವರಿಗೆ ಹೋಗು, ಲಾರಿ ತಗೊಂಡ್ ಹೋಗು ಬೇಕಾದ್ರೆ."

"ಅಂದ್ರೆ ಆಟಮ್‌ನ ಫೆಬ್ರುವರಿಗೆ ಮುಂದೂಡು ಅಂತೀರಾ ಸರ್?"

"ಶಿವರಾತ್ರಿ ದಿನ ಮಾಡು ಮಾರಾಯ, ಹೆಂಗೂ ಉಪವಾಸ, ಅಡುಗೆ ಖರ್ಚಾದ್ರೂ ಉಳಿತೈತಿ" ಅಂದ್ಲು ಗೀತಕ್ಕ. ಗೀತಕ್ಕನ ತವರು ಸಾಗರದ ಕಡೆ, ದಾವಣಗೆರೆ ಸೊಸೆ ಆಗಿ ಎಷ್ಟೋ ವರ್ಷ ಆಯ್ತು, ಆದ್ರೆ ಈ ಮಾರಾಯ ಮಾತ್ರ ಬಿಟ್ಟಿಲ್ಲ.

ಮಂಜ ಅಲ್ಲಿಗೇ ಸುಮ್ನಾಗಿದ್ರೆ ಚೆನ್ನಾಗಿತ್ತು. "ಎಲೆ ಸಿಗ್ಲಿಲ್ಲ ಅಂತ ಆಕೆ ಆನ್‌ಲೈನ್‌ನಾಗೆ ಪ್ಲಾಸ್ಟಿಕ್ ಎಲೆ ಸರ ತರ್ಸಿದ್ಲು, ಅದ್ರ ಜೊತೆ ಬಾಗಿಲಿಗೆ ತೂಗು ಹಾಕೋಕೆ ಮೆಕ್ಕೆಜೋಳದ ತೆನೆ ಗೊಂಚಲು, ಅದೂ ಪ್ಲಾಸ್ಟಿಕ್ಕಿಂದೇ..." ಅಂದ.

ಮಿರ್ಚಿ ಕಚ್ಚೋಕೆ ಹೋಗಿದ್ದ ಮೇಷ್ಟ್ರು ಅದನ್ನ ತಟ್ಟೆಗೆ ವಾಪಸ್ ಇಟ್ರು. "ಮೆಕ್ಕೆಜೋಳ? ದಾವಣಗೆರೆಗೆ? ದುಡ್ಡು ಕೊಟ್ಟು? ಪ್ಲಾಸ್ಟಿಕ್ಕಿಂದು?"

ಯಾಕೆ ಅಂದ್ರೆ ಮಂಜನ ಊರು ಆನಗೋಡು ಪಕ್ಕ. ಇನ್ನೊಂದೆರಡು ವಾರ ಹೋದ್ರೆ ಅವರ ಕಣದಾಗೆ ತೆನೆ ರಾಶಿ ಮನೆ ಮಾಡಿನ ಎತ್ತರಕ್ಕೆ ಬಿದ್ದಿರ್ತೈತಿ. ಹೈವೇ ಸರ್ವಿಸ್ ರೋಡ್ ನೋಡ್ಬೇಕು ಆಗ, ಅರ್ಧ ರಸ್ತೆ ಬಂಗಾರದ ಬಣ್ಣ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರ್ತಾರೆ ಗಾಡಿ ಹತ್ತಿಸ್ಬಾರ್ದು ಅಂತ, ಅದ್ರ ಮಧ್ಯೆ ಒಬ್ಬ ಅಜ್ಜ ಬರಿಗಾಲಲ್ಲಿ ಕಾಳಿನೊಳಗೆ ಕಾಲು ಎಳೀತಾ ಎಳೀತಾ ಗೆರೆ ಹಾಕ್ತಾ ಹೋಗ್ತಿರ್ತಾನೆ, ಅಡಿ ಕಾಳು ಮೇಲೆ ಬಂದು ಬಿಸಿಲು ತಾಕ್ಲಿ ಅಂತ, ಅಷ್ಟೊತ್ತಿಗೆ ಭರಮಸಾಗರದ ಕಡೆಯಿಂದ ಒಂದು ಮೋಡ ಎದ್ರೆ ಇಡೀ ಸಂಸಾರ ತಾಡಪಾಲು ಹಿಡ್ಕೊಂಡು ಓಡೋದು. ಇದಕ್ಕಿಂತ ಆಟಮ್ ಕಲರ್ ಬೇಕಾ? ಗಾಡಿ ಓಡಿಸೋರಿಗೆ ತೊಂದ್ರೆ ಅನ್ನೋದು ನಿಜ, ಆದ್ರೆ ಒಣಗಿಸೋ ಜಾಗ ಎಲ್ಲೈತಿ ಅನ್ನೋದಕ್ಕೆ ಬೈಯೋರ ಹತ್ರ ಉತ್ತರ ಇರಲ್ಲ.

"ಇನ್ನೊಂದ್ ವಿಷ್ಯ ಗೊತ್ತಾ" ಅಂದ್ರು ಮೇಷ್ಟ್ರು. "ನಿನ್ನ ನಾದಿನಿ ಇರೋ ಇಲಿನಾಯ್ ಐತಲ್ಲ, ಅದೂ ಮೆಕ್ಕೆಜೋಳದ ಸೀಮೆನೇ. ಕುಂಬಳಕಾಯಿ ಬೆಳಿಯೋದ್ರಾಗೆ ಇಡೀ ಅಮೆರಿಕಕ್ಕೆ ಫಸ್ಟು."

"ಅಂದ್ರೆ ಆಯಮ್ಮ ದಾವಣಗೆರೆ ಸಾಕಾಗಿ, ವೀಸಾ ಮಾಡ್ಸಿ, ವಿಮಾನ ಹತ್ತಿ, ಹೋಗಿ ಇಳಿದಿದ್ದು ಇನ್ನೊಂದು ದಾವಣಗೆರೆಗೆ!" ಅಂದೆ. "ಬೆಣ್ಣೆದೋಸೆ ಇಲ್ದಿರೋ ದಾವಣಗೆರೆ" ಅಂತ ಗೀತಕ್ಕ ಸೇರಿಸಿದ್ಲು. ಮಂಜಂಗೆ ಇದು ಖುಷಿಯಾಯ್ತೋ ಬೇಜಾರಾಯ್ತೋ ಗೊತ್ತಾಗ್ಲಿಲ್ಲ, ಎರಡನೇ ಪ್ಲೇಟ್ ಹೇಳ್ದ.

ಕುಂಬಳಕಾಯಿ ಕತೆ ಕೇಳ್ರಿ ಮತ್ತೆ. ಮಾರ್ಕೆಟ್ಟಿಂದ ಒಳ್ಳೆ ದುಂಡನೇ ಸಿಹಿಗುಂಬಳ ತಂದು ಟೇಬಲ್ ಮೇಲೆ ಇಟ್ಟಿದ್ರಂತೆ, ರಜಾ ದಿನ ಮಕ್ಕಳು ಕಣ್ಣು ಮೂಗು ಹಲ್ಲು ಕೊರೀಲಿ ಅಂತ. ಹಬ್ಬಕ್ಕೆ ಬಂದಿದ್ದ ಮಂಜನ ಅವ್ವಂಗೆ ಇದ್ಯಾವುದೂ ಗೊತ್ತಿಲ್ಲ. ಕಾಯಿ ಕಂಡೈತಿ, ಈಳಿಗೆ ಮಣೆ ಕೈಗೆ ಸಿಕ್ಕೈತಿ. ಸೊಸೆ ಆಫೀಸಿಂದ ಬರೋ ಹೊತ್ತಿಗೆ ಅರ್ಧ ಥೀಮು ಪಲ್ಯ, ಇನ್ನರ್ಧ ಥೀಮು ಕಡುಬು. ಸೊಸೆ ಮುಖ ಸಣ್ಣದಾಗಿದ್ದು ನೋಡಿ, ಅವ್ವ ತೊಳೆದು ಒಣಗಾಕಿದ್ದ ಬೀಜ ತೋರ್ಸಿ "ಬೀಜ ಐತಲ್ಲವ್ವ, ಹಾಕ್ರಿ, ಮುಂದಿನ್ ವರ್ಷ ಹತ್ತು ಕಾಯಿಗೆ ಮೂಗು ಕೊರೀರಿ" ಅಂದ್ಲಂತೆ.

"ಕಡುಬು ಹೆಂಗಿತ್ತು?" ಅಂದ್ಲು ಗೀತಕ್ಕ.

"ಅದನ್ನ ಕೇಳ್ಬ್ಯಾಡ್ರಿ ಅಕ್ಕ. ಬೈತಾ ಬೈತಾ ಆಕೇನೇ ಜಾಸ್ತಿ ತಿಂದಿದ್ದು. ಪಂಪ್ಕಿನ್ ಪೈ ಅಂದ್ರೂ ಇದೇ ತಾನೇ, ಆವಿ ಬದಲು ಓವನ್ನು, ಏಲಕ್ಕಿ ಬದಲು ಚಕ್ಕೆ."

ಈ ಕಾಯಿ ಕೊರೆಯೋದು ಮೊದಲು ಐರ್ಲೆಂಡ್ ಕಡೆ ಟರ್ನಿಪ್ ಗೆಡ್ಡೆದಾಗೆ ಮಾಡ್ತಿದ್ರಂತೆ, ಆ ಜನ ಅಮೆರಿಕಕ್ಕೆ ಹೋದ್ಮೇಲೆ ಅಲ್ಲಿ ದೊಡ್ಡ ಕುಂಬಳಕಾಯಿ ಸಸ್ತಾ ಸಿಕ್ತು, ಗೆಡ್ಡೆ ಬಿಟ್ರು, ಕಾಯಿ ಹಿಡಿದ್ರು. ಇದನ್ನೂ ಮೇಷ್ಟ್ರೇ ಹೇಳಿದ್ದು. ನಾನು ಕೇಳ್ತಾ ಕೇಳ್ತಾ ಅಂದ್ಕೊಂಡೆ, ಆಯುಧ ಪೂಜೆಗೆ ನಾವು ಮಾಡೋದು ಬೇರೇನಾ? ಬೂದುಗುಂಬಳಕ್ಕೆ ಮೇಲಿಂದ ಚೌಕಾಕಾರ ಮುಚ್ಚಳ ಕೊಯ್ತೀವಿ, ಒಳಗೆ ಕುಂಕುಮ, ಚಿಲ್ಲರೆ ಕಾಸು ಹಾಕ್ತೀವಿ, ಮತ್ತೆ ಮುಚ್ಚಳ ಮುಚ್ತೀವಿ. ಅವರು ದೆವ್ವ ಓಡಿಸೋಕೆ ಒಳಗೆ ದೀಪ ಇಟ್ಟು ಮೆಟ್ಟಿಲ ಮೇಲೆ ಕೂರಿಸ್ತಾರೆ, ನಾವು ದೃಷ್ಟಿ ತೆಗಿಯೋಕೆ ಎತ್ತಿ ನಡುರಸ್ತೆಗೆ ಕುಕ್ತೀವಿ. ಅವರದ್ದು ಫೋಟೋಗೆ ಚೆನ್ನಾಗಿ ಬರ್ತೈತಿ, ನಮ್ಮದ್ರಲ್ಲಿ ಮಾರನೇ ದಿನ ಬೈಕ್ ಜಾರ್ತೈತಿ. ಇದೊಂದ್ ವಿಷ್ಯದಾಗೆ ನನ್ನ ಓಟು ಅಮೆರಿಕಕ್ಕೆ.

"ಏನೇ ಆಗ್ಲಿ ಸರ್, ಅವರದ್ದು ಅವರಿಗೆ, ನಮ್ಮದು ನಮಗೆ" ಅಂತ ಮಂಜ ಮುಗಿಸೋಕೆ ನೋಡ್ದ.

"ಯಾವುದಪ್ಪಾ ನಮ್ಮದು?" ಅಂದ್ರು ಮೇಷ್ಟ್ರು, ಈಗ ಮಿರ್ಚಿ ಮತ್ತೆ ಕೈಗೆ ಬಂದಿತ್ತು. "ಈ ಮೆಣಸಿನಕಾಯಿ? 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗಿ ಬಂದಮೇಲೆ ಹೊರಗಿನೋರಿಗೆ ಗೊತ್ತಾಗಿದ್ದು, ನಮಗೆ ತಂದುಕೊಟ್ಟೋರು ಪೋರ್ಚುಗೀಸರು. ಚಳ್ಳಕೆರೆ ಶೇಂಗಾ? ದಕ್ಷಿಣ ಅಮೆರಿಕದ್ದು. ಆನಗೋಡಿನ ಮೆಕ್ಕೆಜೋಳ ಮೆಕ್ಸಿಕೋದು. ನಿಮ್ಮವ್ವ ಪಲ್ಯ ಮಾಡಿದ ಸಿಹಿಗುಂಬಳ ಅಲ್ಲಿದೇ. ದುರ್ಗದ ಗುಡ್ಡದಾಗೆ ಈಗ ಹಣ್ಣಾಗಿರೋ ಸೀತಾಫಲ, ಸೀತಮ್ಮನ ಹೆಸರು ಇಟ್ಕೊಂಡಿದ್ರೂ ಅದೂ ಅಲ್ಲಿದೇ."

"ಚೆಂಡುಹೂವಾದ್ರೂ ಬಿಟ್ಟುಬಿಡ್ರಿ ಸರ್, ದೇವರಿಗೆ ಏರಿಸ್ತೀವಿ" ಅಂದ್ಲು ಗೀತಕ್ಕ.

"ಅದೂ ಮೆಕ್ಸಿಕೋದು ತಾಯಿ! ಅಲ್ಲಿ ನವೆಂಬರ್ 1, 2ನೇ ತಾರೀಕು ತೀರಿಹೋದೋರ ಹೆಸರಲ್ಲಿ ಹಬ್ಬ, ಮನೆ ತುಂಬಾ ಇದೇ ಚೆಂಡುಹೂ, ಹಿರಿಯರು ತಿಂತಿದ್ದ ಅಡುಗೆ ಮಾಡಿ ಎಡೆ. ನಮ್ಮ ಕಡೆ ದೀಪಾವಳಿಗೆ ಹಿರಿಯರಿಗೆ ಎಡೆ ಇಡ್ತಾರಲ್ಲ, ಅಲ್ಲೂ ಚೆಂಡುಹೂ. ಯಾರೂ ಯಾರ್ನೂ ನೋಡಿ ಕಲ್ತಿಲ್ಲ."

"ಹಂಗಾದ್ರೆ ನಮ್ಮದು ಅಂತ ಏನೂ ಇಲ್ವಾ?" ಮಂಜನ ದನಿ ಎಷ್ಟು ಸೋತಿತ್ತು ಅಂದ್ರೆ ಅಂಗಡಿಯವನೇ ಸಮಾಧಾನಕ್ಕೆ ಅಂತ ಒಂದು ಮಿರ್ಚಿ ಎಕ್ಸ್‌ಟ್ರಾ ಹಾಕ್ದ.

"ಐತಲ್ಲ, ಎಳ್ಳು ನಮ್ಮದು, ಬೂದುಗುಂಬಳ ಏಷ್ಯಾದ್ದು. ಬನ್ನಿ ಐತಿ. ಮೊನ್ನೆ ತಾನೇ ಎಲೆ ಕೊಟ್ಟು ಬಂಗಾರ ತಗೊಳ್ರಿ ಅಂತ ನನ್ನ ಕಾಲಿಗೆ ಬಿದ್ಯಲ್ಲಪ್ಪ, ನಿನ್ನ ಆಟಮ್ ಎಲೆ ಅವತ್ತೇ ಮುಗಿದೈತಿ."

ಇಷ್ಟು ಹೊತ್ತು ನಡುನಡುವೆ ಒಗ್ಗರಣೆ ಹಾಕ್ತಿದ್ದ ಗೀತಕ್ಕ ಈಗ ಕೈ ಒರೆಸ್ಕೊಂಡು ಸರಿಯಾಗಿ ಕೂತ್ಲು. "ಮಕ್ಕಳಿಗೆ ಕ್ರಾಫ್ಟ್ ಬೇಕು ಅಂದ್ಯಲ್ಲ ಮಂಜ, ನಮ್ಮ ಸಾಗರದ ಕಡೆ ಈ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಮಾಡ್ತಾರೆ ನೋಡು. ಬಿದಿರು ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿನಾರಿನ ಬ್ರಷ್ ಹಿಡಿದು ಚಿತ್ತಾರ ಬರೀತಾರೆ, ಗೆರೆ ಎಷ್ಟು ಸಣ್ಣ ಅಂದ್ರೆ ಉಸಿರು ಬಿಗಿ ಹಿಡೀಬೇಕು. ಆ ಬುಟ್ಟೀಲಿ ಅಡುಗೆ ಹೊತ್ಕೊಂಡು ಬೆಳಗಿನ ಜಾವ ಗದ್ದೆಗೆ ಹೋಗೋದು. ಪೈರು ಬಸುರಿ ಅಲ್ವಾ, ಬಯಕೆ ಊಟ."

"ಇಲ್ಲೂ ಹೊಲಕ್ಕೆ ಎಡೆ ಎರಚಿ ಚರಗ ಚೆಲ್ತೀವಲ್ಲ ಅಕ್ಕ, ಆದ್ರೆ ಬುಟ್ಟಿ ಇಲ್ಲ, ಸ್ಟೀಲ್ ಬಕೆಟ್ಟು" ಅಂದ ಮಂಜ. ಅದ್ರ ಮೇಲೆ ಅವರಪ್ಪನ ಹೆಸರು ಕೊರೆಸಿರ್ತೈತಿ, ಅದೇ ಚಿತ್ತಾರ ಅಂತ ನಾನಂದೆ.

ಅಲ್ಲಿಂದ ಮಾತು ದೀಪಾವಳಿಗೆ ಹಾರ್ತು. ನಮ್ಮನೇಲಿ ಆಕಾಶಬುಟ್ಟಿ ಅಂಗಡಿಯಿಂದ ತಂದಿದ್ದೇ ಇಲ್ಲ, ಅಪ್ಪ ಬಿದಿರು ಸೀಳಿ ಕಡ್ಡಿ ಕಟ್ತಿದ್ದ, ಅವ್ವ ಮೈದಾ ಅಂಟು ಕಾಯಿಸಿ ಅದಕ್ಕೆ ಚೂರು ಮೈಲುತುತ್ತ ಹಾಕ್ತಿದ್ಲು ಹುಳ ತಿನ್ಬಾರ್ದು ಅಂತ, ನಮ್ಮ ಕೆಲಸ ಬಣ್ಣದ ಹಾಳೆ ಹರಿಯೋದು ಮತ್ತೆ ಬೈಸ್ಕೊಳ್ಳೋದು. ಆಮೇಲೆ ಪಾಡ್ಯದ ದಿನ ಹಟ್ಟಿಲಕ್ಕವ್ವ. ಸಗಣಿಯಲ್ಲಿ ಪುಟಾಣಿ ಗೋಪುರದಂಗೆ ಮಾಡಿ, ತಲೆಗೆ ಚೆಂಡುಹೂ, ಕುಂಬಳ ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಬಾಗಿಲ ಎರಡೂ ಕಡೆ ಕೂರಿಸಿದ್ರೆ, ಮೇಷ್ಟ್ರ ಲೆಕ್ಕದಾಗೆ ತಲೆ ಮೇಲಿನ ಅರ್ಧ ಅಲಂಕಾರ ಮೆಕ್ಸಿಕೋದು, ಕೆಳಗಿನ ಸಗಣಿ ಮಾತ್ರ ಅಪ್ಪಟ ದೇಸಿ. ಈಗ ಆ ಸಗಣಿಗೂ ಕಷ್ಟ. ವಿದ್ಯಾನಗರದಾಗೆ ಹಸು ಅದಾವೆ, ಆದ್ರೆ ಅವು ಟೈಮಿಗೆ ಸರಿಯಾಗಿ ನಿಮ್ಮ ಬೀದಿಗೆ ಬರ್ಬೇಕಲ್ಲ. ಆನ್‌ಲೈನ್‌ನಾಗೆ ಬೆರಣಿ ಸಿಗ್ತಾವೆ, ಹಸಿ ಸಗಣಿ ಡೆಲಿವರಿ ಇನ್ನೂ ಯಾರೂ ಶುರು ಮಾಡಿದ್ದು ನಾನು ನೋಡಿಲ್ಲ, ಮಾಡಿದ್ರೆ ಹತ್ತು ನಿಮಿಷದಾಗೆ ತರ್ತೀವಿ ಅಂತಾರೆ.

ನನ್ನ ಕೇಳಿದ್ರೆ ಮಂಜನ ಹೆಂಡ್ತಿ ಆಸೆಯಾಗೆ ತಪ್ಪೇನೂ ಇಲ್ಲ. ಮನೆಮಂದಿ ಎಲ್ಲಾ ಒಂದು ಕಡೆ ಕೂತು ಕೈ ಕೊಳೆ ಮಾಡ್ಕೊಳ್ಳೋದು ಬೇಕು ಆಕೆಗೆ, ಅಷ್ಟೇ. ನಮ್ಮ ಹಬ್ಬದಾಗೆ ಅದೆಲ್ಲಾ ಐತಿ, ಆದ್ರೆ ಅದನ್ನ ಮಾಡೋದು ಅತ್ತೆ ಸೊಸೆ ಇಬ್ರೇ, ಉಳಿದೋರು ಕರ್ಚಿಕಾಯಿ ಆಯ್ತಾ ಅಂತ ಸೋಫಾ ಮೇಲಿಂದ ಕೇಳೋರು. ಇದನ್ನ ನಾನು ಬಾಯಿಬಿಟ್ಟು ಹೇಳ್ದೆ, ಗೀತಕ್ಕ ನನ್ನ ಕಡೆ ತಿರುಗಿ "ನಿಮ್ಮನೇಲಿ ಚಕ್ಕುಲಿ ಒತ್ತೋರು ಯಾರು?" ಅಂದ್ಲು. ನಾನು ಟೀ ಹೇಳಿದೆ.

ಕೊನೆಗೆ ಐಡಿಯಾ ಕೊಟ್ಟಿದ್ದೂ ಆಕೆನೇ. "ಆಟಮ್ಮೂ ಬ್ಯಾಡ ಗೀಟಮ್ಮೂ ಬ್ಯಾಡ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ, ಅದೇ ಸಕ್ಕರೆ ಪಾಕದ ಗೊಂಬೆ, ಎಲ್ರೂ ಅಂಗಡೀಲಿ ತರ್ತೀರಲ್ಲ, ಈ ಸಲ ಮನೇಲಿ ಮಾಡಣ. ನಾಲ್ಕೂ ಮನೆ ಮಕ್ಕಳು ಸೇರ್ಲಿ."

ಮೇಷ್ಟ್ರ ಮನೆ ಅಟ್ಟದ ಮೇಲೆ ಅವರಮ್ಮನ ಕಾಲದ ಮರದ ಅಚ್ಚು ಅದಾವೆ, ಬಸವಣ್ಣ, ಆನೆ, ಗಿಳಿ, ಒಂಟೆ, ಗುಡಿ. ಅಚ್ಚನ್ನ ಮೊದಲು ನೀರಲ್ಲಿ ನೆನೆ ಹಾಕ್ಬೇಕು, ಇಲ್ಲಾಂದ್ರೆ ಪಾಕ ಮರಕ್ಕೆ ಕಚ್ಕೊಂತೈತಿ. ಸಕ್ಕರೆ ಕುದಿಯುವಾಗ ಚೂರು ಹಾಲು ಬಿಟ್ರೆ ಕೊಳೆ ಎಲ್ಲಾ ನೊರೆಯಾಗಿ ಮೇಲೆ ಬರ್ತೈತಿ, ಅದನ್ನ ತೆಗೆದು ಪಾಕ ಗಟ್ಟಿಯಾದ್ಮೇಲೆ ಪಾತ್ರೆ ಅಂಚಿಗೆ ಸೌಟಿನಿಂದ ತಿಕ್ತಾ ತಿಕ್ತಾ ಹೋದ್ರೆ ಬೆಳ್ಳಗಾಗ್ತೈತಿ, ಅದೇ ಹೊತ್ತಿಗೆ ದಾರ ಸುತ್ತಿ ಬಿಗಿದ ಅಚ್ಚಿನ ತೂತಿಗೆ ಹೊಯ್ಬೇಕು, ಒಂಚೂರು ತಡ ಆದ್ರೆ ಪಾತ್ರೆಯಲ್ಲೇ ಕಲ್ಲು. ಅಚ್ಚು ಬಿಡಿಸುವಾಗ ಮನೆಯೆಲ್ಲಾ ಉಸಿರಾಡಲ್ಲ. ಬಸವಣ್ಣ ಗಟ್ಟಿ ಕುಳ, ಸಲೀಸಾಗಿ ಬರ್ತಾನೆ. ಒಂಟೆದೇ ಕಷ್ಟ.

ಕೆಲಸ ಹಂಚಿದ್ದಾಯ್ತು. ಪಾಕಕ್ಕೆ ಗೀತಕ್ಕ, ಮೇಲ್ವಿಚಾರಣೆಗೆ ಮಂಜನ ಅವ್ವ, ಪ್ಲಾಸ್ಟಿಕ್ ಎಲೆ ಸರ ಆರತಿ ತಟ್ಟೆ ಸುತ್ತ ಇಡೋಕೆ ಮಂಜನ ಹೆಂಡ್ತಿ, ಪಾಪ ದುಡ್ಡು ಕೊಟ್ಟಿದ್ದಾಳೆ. ಅಟ್ಟ ಹತ್ತೋರು ಯಾರು ಅಂದಾಗ ಮಾತ್ರ ಎಲ್ಲರಿಗೂ ಒಟ್ಟಿಗೆ ಮಂಡಿ ನೋವು ಬಂತು. ಕಡೆಗೆ ಮಂಜ ಒಪ್ಪಿದ, ಆದ್ರೆ ಒಂದು ಕಂಡೀಶನ್ ಹಾಕ್ದ, ಕಾಲು ಮುರಿದ ಒಂಟೆ ಎಲ್ಲಾ ಅವನಿಗೇ.

"ಮುರೀದೇ ಇದ್ರೆ?" ಅಂದ್ರು ಮೇಷ್ಟ್ರು.

"ಅಚ್ಚು ಬಿಡಿಸೋನೂ ನಾನೇ ಸರ್" ಅಂದ ಮಂಜ.